ಹೊಲಿಗೆಯ ಬೊಕ್‌ಸುನ್ ಮತ್ತು ಹನ್ನೊಂದು ಮುಯ್ಯಾಳು

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಬದರೀನಾಥ್ ಸರ್ ನನ್ನನ್ನು ತಮ್ಮ ಮೇಜಿನ ಹತ್ತಿರ ಕರೆದು ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟರು. ಅವರು ಮೈಸೂರಿನವರು, ನಮ್ಮ ಯೋಜನೆಯ ಅಂಕಿಸಂಖ್ಯೆಗಳನ್ನು ನೋಡಿಕೊಳ್ಳುವವರು. ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕೊರಿಯಾದ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಕೊಟ್ಟು, ಕಾಲಕಾಲಕ್ಕೆ ಮ್ಯಾಮೊಗ್ರಾಮ್, ಅಂದರೆ ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ ಹಿಡಿದು ತೆಗೆಯುವ ಎಕ್ಸ್‌ರೇ, ಮಾಡಿಸಿಕೊಳ್ಳುವಂತೆ ಒಪ್ಪಿಸುವುದು ನಮ್ಮ ಕೆಲಸ. ಹತ್ತು ಕೊರಿಯನ್ ಚರ್ಚುಗಳಲ್ಲಿ ಹತ್ತು ಗುಂಪುಗಳಿದ್ದವು. ಗುಂಪಿಗೆ ಹನ್ನೆರಡು ಹೆಂಗಸರು, ಅವರಲ್ಲೇ ಒಬ್ಬರು ಮುಂದಾಳು. ಆ ಮುಂದಾಳುಗಳಿಗೆ ತರಬೇತಿ ಕೊಡುವವಳು ನಾನು.

"ನೋಡಿ ನೀಲಮ್ಮ, ಒಂಬತ್ತು ಗುಂಪು ನಾವಂದ್ಕೊಂಡ ಹಾಗೇ ಇದೆ. ನಾಲ್ಕು, ಐದು, ಮೂರು, ಒಂದ್ಕಡೆ ಆರು. ಹಾಫ್‌ಮನ್ ಎಸ್ಟೇಟ್ಸ್ ನೋಡಿ. ಹನ್ನೆರಡರಲ್ಲಿ ಹತ್ತು ಜನ ಮಾಡಿಸ್ಕೊಂಡಿದಾರೆ."

"ಛಲೋ ಆತಲ್ರಿ ಸರ್."

"ಛಲೋ ಅಲ್ಲ ರೀ ಇದು, ಡೌಟು. ಯಾರೋ ಮನೇಲಿ ಕೂತ್ಕೊಂಡು ಟಿಕ್ ಹಾಕಿದಾರೆ ಅನ್ಸುತ್ತೆ. ನೀವೇ ಡ್ರೈವ್ ಮಾಡ್ಕೊಂಡು ಹೋಗಿ ಚೆಕ್ ಮಾಡಿ. ಸುಳ್ಳಾದ್ರೆ ಆ ಗುಂಪನ್ನೇ ಬಿಡ್ಬೇಕಾಗುತ್ತೆ."

"ಖರೇ ಇದ್ರ?"

"ಖರೇ ಇದ್ರೆ ಹೆಂಗ್ ಮಾಡಿದ್ರು ಅಂತ ಕೇಳ್ಕೊಂಡ್ ಬನ್ನಿ. ಉಳಿದ ಒಂಬತ್ತಕ್ಕೂ ಬೇಕಲ್ಲ."

ಶಿಕಾಗೊ ಪಕ್ಕದ ಊರು ಹಾಫ್‌ಮನ್ ಎಸ್ಟೇಟ್ಸ್. ಅಲ್ಲಿಯ ಗುಂಪಿನ ಮುಂದಾಳು ಹಾನ್ ಬೊಕ್‌ಸುನ್. ಅರವತ್ತೆರಡು ವಯಸ್ಸು. ನನಗೆ ಅವರ ಮುಖ ಚೆನ್ನಾಗಿ ನೆನಪಿತ್ತು, ಏಕೆಂದರೆ ಫೆಬ್ರವರಿಯ ತರಬೇತಿಯಲ್ಲಿ ಇಡೀ ದಿನ ಪ್ರಶ್ನೆ ಕೇಳಿದವರು ಅವರೊಬ್ಬರೇ, ಕೇಳಿದ್ದೂ ಒಂದೇ ಪ್ರಶ್ನೆ. ನಾನು ತಿಂಗಳುಗಟ್ಟಲೆ ಕೂತು ಸಾಮಗ್ರಿ ಸಿದ್ಧ ಮಾಡಿದ್ದೆ. ಕೊರಿಯನ್ ಭಾಷೆಯ ಪುಸ್ತಿಕೆ, ಕೊರಿಯನ್ ಹೆಂಗಸರ ಚಿತ್ರಗಳು, ಗೋಡೆಯ ಮೇಲೆ ತೋರಿಸುವ ನಲವತ್ತು ಸ್ಲೈಡುಗಳು. ಗಂಡಂದಿರಿಗೆಂದೇ ಒಂದು ಹಾಳೆ ಕೂಡ ಇತ್ತು: ‘ಹೆಂಡತಿಯ ಜೊತೆ ಹತ್ತು ನಿಮಿಷ ಕುಳಿತು ಈ ವಿಷಯ ಮಾತನಾಡಿದಿರಾ? ಹೌದು, ಇಲ್ಲ.’ ಎಲ್ಲರೂ ತಲೆಯಾಡಿಸುತ್ತ ಕೇಳಿದರು. ಕೊನೆಗೆ ಹಿಂದಿನ ಸಾಲಿನಿಂದ ಬೊಕ್‌ಸುನ್ ಕೈಯೆತ್ತಿ, ಅಲ್ಲಿಗೆ ಒಬ್ಬಳೇ ಹೋಗಬೇಕಾ ಎಂದು ಕೇಳಿದರು. ನಿಮ್ಮಿಷ್ಟ, ಯಾರನ್ನಾದರೂ ಕರೆದುಕೊಂಡು ಹೋಗಬಹುದು ಎಂದು ಹೇಳಿ ನಾನು ಮುಂದಿನ ಸ್ಲೈಡಿಗೆ ಹೋಗಿದ್ದೆ.

ಲೊಂಬಾರ್ಡ್‌ನ ನನ್ನ ಅಪಾರ್ಟ್‌ಮೆಂಟಿನಿಂದ ಅವರ ಅಂಗಡಿಗೆ ಇಪ್ಪತ್ತು ಮೈಲಿ. ಹಿಗ್ಗಿನ್ಸ್ ರಸ್ತೆಯಲ್ಲಿ, ಒಂದು ಪಿಜ್ಜಾ ಅಂಗಡಿಗೂ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೂ ನಡುವೆ ಇರುವ ಡ್ರೈಕ್ಲೀನಿಂಗ್ ಅಂಗಡಿ. ಮುಂದಿನ ಕೌಂಟರು, ಅದರ ಹಿಂದೆ ಪ್ಲಾಸ್ಟಿಕ್ ಹೊದಿಸಿ ನೇತುಹಾಕಿದ ನೂರಾರು ಬಟ್ಟೆ, ಅದರಾಚೆ ಬುಸ್ಸೆಂದು ಹಬೆ ಬಿಡುವ ಇಸ್ತ್ರಿ ಯಂತ್ರ. ಯಂತ್ರದ ಮುಂದೆ ನಿಂತಿದ್ದವರು ಬೊಕ್‌ಸುನ್ ಅವರ ಗಂಡ ಶಿನ್. ಅವರು ನನಗೆ ತಲೆಬಾಗಿ, ಬದಿಯ ಪರದೆಯ ಕಡೆ ಕೈ ತೋರಿದರು. ಪರದೆಯ ಹಿಂದೆ ಹೊಲಿಗೆ ಯಂತ್ರ. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬೊಕ್‌ಸುನ್ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದರು.

ಅವರು ಹುಟ್ಟಿದ್ದು ದಕ್ಷಿಣ ಕೊರಿಯಾದ ಜಲ್ಲಾ ಸೀಮೆಯ ಒಂದು ಭತ್ತದ ಹಳ್ಳಿಯಲ್ಲಿ. ಹದಿನಾರನೆಯ ವಯಸ್ಸಿಗೆ ಸೋಲ್ ನಗರದ ಬಟ್ಟೆ ಕಾರ್ಖಾನೆ ಸೇರಿದರು. ಮೂವತ್ತರ ಹೊತ್ತಿಗೆ ಗಂಡ ಮತ್ತು ಕೈಗೂಸಿನ ಜೊತೆ ಶಿಕಾಗೊಗೆ ಬಂದರು. ಅಂದಿನಿಂದ ಇದೇ ಪರದೆಯ ಹಿಂದೆ ಅಮೆರಿಕದವರ ಪ್ಯಾಂಟು ಗಿಡ್ಡ ಮಾಡುತ್ತ, ಮದುವೆಯ ಗೌನು ಬಿಗಿ ಮಾಡುತ್ತ ಬಂದಿದ್ದಾರೆ. ಚರ್ಚಿನಲ್ಲಿ ಹಿರಿಯ ಹೆಂಗಸರಿಗೆ ಕೊಡುವ ಕ್ವಾನ್ಸಾ ಎಂಬ ಹುದ್ದೆ ಅವರಿಗಿದೆ, ಹಾಗಾಗಿ ಎಲ್ಲರೂ ಕ್ವಾನ್ಸಾನಿಮ್ ಎಂದೇ ಕರೆಯುತ್ತಾರೆ. ಅವರ ಇಂಗ್ಲಿಷ್ ಅಂಗಡಿಯಲ್ಲಿ ಕಲಿತದ್ದು. ಅವರ ಕೊರಿಯನ್ ಕೂಡ ಹಳ್ಳಿಯ ಕೊರಿಯನ್ನೇ, ಸೋಲ್ ಕಡೆಯ ಹೆಂಗಸರು ಅದನ್ನು ಅಣಕಿಸಿ ನಗುತ್ತಾರಂತೆ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದ ನನಗೆ ಅವರ ಮಾತು ಯಾವ ಭಾಷೆಯಲ್ಲಿ ಬಂದರೂ ನಮ್ಮೂರಿನ ಹೆಂಗಸರ ಮಾತಿನಂತೆ ಕೇಳುತ್ತಿತ್ತು. ಇಲ್ಲಿ ಹಾಗೆಯೇ ಬರೆದಿದ್ದೇನೆ.

"ಬರ್ರಿ ಟೀಚರ್. ಪ್ಯಾಂಟ್ ಗಿಡ್ಡ ಮಾಡಸೂದೈತೇನು?"

"ಇಲ್ರಿ ಕ್ವಾನ್ಸಾನಿಮ್. ನಿಮ್ಮ ಗುಂಪಿನ ಬಗ್ಗೆ ಕೇಳಾಕ ಬಂದೇನಿ."

ಅವರು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು. "ನಾವು ಸುಳ್ಳ ಬರದೇವಿ ಅಂತ ನಿಮ್ಮ ಆಫೀಸಿನಾಗ ಅನಸೈತಿ."

ನಾನು ಚೀಲದಿಂದ ತೆಗೆಯುತ್ತಿದ್ದ ಗುಂಪಿನ ಪಟ್ಟಿಯನ್ನು ಮತ್ತೆ ಒಳಗೆ ಹಾಕಿದೆ.

"ಅನಸೂದ ಬಿಡ್ರಿ. ನನಗಾದ್ರೂ ಅನಸ್ತಿತ್ತು. ಗುರುವಾರ ರಜಾ ತಗೋರಿ. ಇನ್‌ಸುಕ್‌ನ ಕರಕೊಂಡ ಹೊಂಟೇವಿ. ಬಂದ ನೋಡ್ರಿ."

ಇನ್‌ಸುಕ್ ಅವರನ್ನು ನಾನು ತರಬೇತಿಯ ನಂತರ ಒಮ್ಮೆ ಮಾತಾಡಿಸಿದ್ದೆ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಐವತ್ತೆಂಟು ವಯಸ್ಸು. ಸೋಲ್‌ನಲ್ಲೇ ಹುಟ್ಟಿ ಬೆಳೆದವರು, ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾರೆ, ಬಾಯಿ ಸ್ವಲ್ಪ ಜೋರು. ಇಲ್ಲದ ಕಾಯಿಲೆಯನ್ನು ಹುಡುಕಿಕೊಂಡು ಹೋಗುವ ಹುಚ್ಚು ತನಗಿಲ್ಲ ಎಂದು ಆಗ ಖಡಾಖಂಡಿತವಾಗಿ ಹೇಳಿದ್ದರು.

ಗುರುವಾರ ಚರ್ಚಿನ ವ್ಯಾನಿನಲ್ಲಿ ನಾವು ಆರು ಜನ ಹೋದೆವು. ಶಿನ್ ಓಡಿಸುತ್ತಿದ್ದರು. ಬೊಕ್‌ಸುನ್, ಇನ್‌ಸುಕ್, ಗುಂಪಿನ ಇನ್ನಿಬ್ಬರು, ಮತ್ತು ನಾನು. ತಪಾಸಣೆ ಕೇಂದ್ರದ ಕಾಯುವ ಕೋಣೆಯಲ್ಲಿ ಕುಳಿತ ಕೂಡಲೇ ಒಬ್ಬರು ಡಬ್ಬಿ ತೆಗೆದರು. ಅನ್ನ, ತರಕಾರಿಗಳನ್ನು ಕಡಲಪಾಚಿಯ ಹಾಳೆಯಲ್ಲಿ ಸುತ್ತಿ ಕತ್ತರಿಸಿದ ಕಿಂಬಾಪ್. ಬೊಕ್‌ಸುನ್ ತಮ್ಮ ಚೀಲದಿಂದ ಬೇರೊಂದು ವಸ್ತು ತೆಗೆದರು. ತಿಳಿನೀಲಿ ಹತ್ತಿ ಬಟ್ಟೆಯ ಸಣ್ಣ ಅಂಗಿ, ಮುಂದೆ ಬದಿಯಲ್ಲಿ ಕಟ್ಟಿಕೊಳ್ಳುವ ಲಾಡಿ, ಮೊಳಕೈವರೆಗೆ ತೋಳು.

"ಇದೇನ್ರಿ?" ಎಂದೆ.

"ಆಸ್ಪತ್ರಿ ಗೌನು ನೋಡೀರೇನು ನೀವು? ಅದನ್ನ ಹೊಲದಾಂವ ಆರಡಿ ಹೆಂಗಸರ ಅಳತಿಗೆ ಹೊಲದಾನ. ನಮ್ಮಾಕಿ ಅದನ್ನ ಹಾಕ್ಕೊಂಡ್ರ ಒಂದ ಕಡೆ ಹಿಡಕೊಂಡ್ರ ಇನ್ನೊಂದ ಕಡೆ ಜಾರತೈತಿ. ಪರಊರಾಗ, ಪರಭಾಷಿಯೊಳಗ, ಅದರ ಮ್ಯಾಲ ಬಟ್ಟೀನೂ ಹಿಂಗಾದ್ರ ಯಾರ ಹೋಗ್ತಾರ? ಅದಕ್ಕ ಒಬ್ಬೊಬ್ಬರ ಅಳತಿ ತಗೊಂಡು ಹೊಲದೇನಿ. ಒಂದ ಲಾಡಿ ಬಿಚ್ಚಿದ್ರ ಒಂದ ಬದಿ ಅಷ್ಟ ತೆರೀತೈತಿ."

ಒಳಗಿನಿಂದ ಹೆಸರು ಕೂಗಿದರು. ಇನ್‌ಸುಕ್ ಎದ್ದು, ಅಂಗಿಯನ್ನು ಕಂಕುಳಲ್ಲಿ ಅದುಮಿಕೊಂಡರು.

"ಅಕ್ಕ, ನಾನು ವಾಪಸ್ ಬರ್ಲಿಲ್ಲ ಅಂದ್ರೆ ನನ್ನ ಪಾಲಿನ ಕಿಂಬಾಪ್ ನೀವೇ ತಿನ್ನಿ. ನನ್ನ ಗಂಡನಿಗೆ ಕೊಡಬೇಡಿ."

ಇಪ್ಪತ್ತು ನಿಮಿಷಕ್ಕೆ ತಿರುಗಿ ಬಂದರು. ಮುಖದಲ್ಲಿ ಒಂದು ಬಗೆಯ ನಿರಾಶೆ ಇತ್ತು.

"ಇಷ್ಟೇನಾ? ನಮ್ಮ ಕಿಚನ್ ಫ್ರೀಜರ್ ಬಾಗಿಲಿಗೆ ಕೈ ಸಿಕ್ಕಾಕ್ಕೊಂಡಾಗ ಇದಕ್ಕಿಂತ ನೋವಾಗಿತ್ತು. ನನ್ನದು ಇರೋದೇ ಇಷ್ಟು, ಇದಕ್ಕೆಲ್ಲಿ ಕ್ಯಾನ್ಸರ್ ಬರುತ್ತೆ ಅಂತ ಇಷ್ಟು ವರ್ಷ ಸುಮ್ನಿದ್ದೆ. ಒಳಗೆ ಎಕ್ಸ್‌ರೇ ತೆಗೆಯೋ ಹುಡುಗಿ ಹೇಳ್ತಾಳೆ, ಗಾತ್ರಕ್ಕೂ ಅದಕ್ಕೂ ಸಂಬಂಧಾನೇ ಇಲ್ವಂತೆ."

"ಅದನ್ನ ಟೀಚರ್ ಫೆಬ್ರವರಿಯೊಳಗ ಹೇಳಿದ್ರು," ಎಂದರು ಬೊಕ್‌ಸುನ್.

"ಆವಾಗ ನನಗೆ ನಿದ್ದೆ ಬಂದಿತ್ತು," ಎಂದು ಇನ್‌ಸುಕ್ ಡಬ್ಬಿಗೆ ಕೈ ಹಾಕಿದರು.

ವಾಪಸ್ ಬರುವಾಗ ನಾನು ಬೊಕ್‌ಸುನ್ ಪಕ್ಕ ಕೂತು, ಸರ್ ಹೇಳಿ ಕಳಿಸಿದ್ದ ಪ್ರಶ್ನೆಯನ್ನು ಕೇಳಿದೆ. ಹೇಗೆ ಇಷ್ಟು ಜನ ಒಪ್ಪಿದರು?

"ನಿಮ್ಮ ಪುಸ್ತಕ ಛಲೋ ಐತ್ರಿ. ಓದತಾರ, ತಲಿ ಆಡಸ್ತಾರ, ಮನಿಗೆ ಹೋಗತಾರ. ಇನ್ನಷ್ಟು ಹೇಳಿದ್ರ ಹೆದರತಾರ. ಹೆದರಿದಾಕಿ ಇನ್ನೂ ಹೊರಗ ಬರೂದಿಲ್ಲ. ನಾ ಏನ ಮಾಡ್ದೆ ಅಂದ್ರ, ನೀ ಹೋಗು ಅಂತ ಯಾರಿಗೂ ಹೇಳಲಿಲ್ಲ. ‘ಆಕಿ ಹೊಂಟಾಳ, ಪಾಪ ಒಬ್ಬಾಕೀನ ಅದಾಳ, ಜೋಡಿ ಹೋಗಿ ಬಾ’ ಅಂದೆ. ಜೋಡಿ ಹೋಗಾಕ ಯಾರ ಒಲ್ಲೆ ಅಂತಾರ? ಹೋಗಿ ಬಂದ್ಲು ಅಂದ್ರ ಮುಂದ ಆಕೀ ಸರದಿ. ನಮ್ಮ ಕಡೆ ಇದಕ್ಕ ಪುಮಾಶಿ ಅಂತಾರ. ಇವತ್ತ ನಿನ್ನ ಗದ್ದಿ ನಾಟಿ ನಾವೆಲ್ಲಾ ಮಾಡೂದು, ನಾಳೆ ನನ್ನ ಗದ್ದಿಗೆ ನೀವೆಲ್ಲಾ ಬರೂದು. ಕೂಲಿ ಇಲ್ಲ, ಏನಿಲ್ಲ. ಕೈಗೆ ಕೈ."

ನಾನು ಬೆರಗಾಗಿ ಅವರನ್ನೇ ನೋಡಿದೆ. ಇದು ನಮ್ಮ ಮುಯ್ಯಾಳು. ನಮ್ಮವ್ವ ಮೆಣಸಿನಕಾಯಿ ಹೊಲದ ಕಳೆಗೆ, ಕಾಯಿ ಬಿಡಿಸುವುದಕ್ಕೆ ಹೀಗೆಯೇ ಓಣಿಯ ಹೆಂಗಸರ ಹೊಲಕ್ಕೆ ಹೋಗುತ್ತಿದ್ದಳು, ಅವರು ನಮ್ಮ ಹೊಲಕ್ಕೆ ಬರುತ್ತಿದ್ದರು. ಎರಡು ಡಿಗ್ರಿ ಓದಿ, ನಲವತ್ತು ಸ್ಲೈಡು ಮಾಡಿದ ನನಗೆ ಅದು ನೆನಪಾಗಿರಲೇ ಇಲ್ಲ.

ಶಿನ್ ಅವರ ಹಾಳೆಯ ಬಗ್ಗೆಯೂ ಕೇಳಿದೆ. ಅವರು ಪ್ರತಿ ತಿಂಗಳೂ ‘ಹೌದು’ ಎಂದೇ ಗುರುತು ಹಾಕಿದ್ದರು.

"ನಿಜವಾಗ್ಲೂ ಹತ್ತು ನಿಮಿಷ ಮಾತಾಡಿದಿರಾ?"

"ಆಕೆ ಮಾತಾಡಿದಳು. ನಾನು ಗಾಡಿ ಓಡಿಸ್ತಿದ್ದೆ," ಎಂದರು ಶಿನ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತ. "ಹತ್ತು ನಿಮಿಷಕ್ಕಿಂತ ಜಾಸ್ತಿನೇ ಆಗಿತ್ತು."

ಬದರೀನಾಥ್ ಸರ್‌ಗೆ ಹನ್ನೊಂದು ಎಂದು ತಿದ್ದಲು ಹೇಳಿದೆ. ಯಾರು ಯಾವಾಗ ಯಾರ ಜೊತೆ ಹೋದರು ಎಂಬ ವಿವರ ಬೇಕು ಎಂದರು. ಮುಂದಿನ ಮಂಗಳವಾರ ಮತ್ತೆ ಅಂಗಡಿಗೆ ಹೋದೆ. ಬೊಕ್‌ಸುನ್ ತಮ್ಮ ಅಳತೆ ಪುಸ್ತಕವನ್ನೇ ಕೈಗೆ ಕೊಟ್ಟರು. ಒಬ್ಬೊಬ್ಬರಿಗೆ ಒಂದು ಪುಟ. ಮೇಲೆ ಎದೆ, ಭುಜ, ತೋಳಿನ ಅಳತೆ. ಕೆಳಗೆ ಹೋದ ದಿನಾಂಕ, ಜೊತೆಗೆ ಹೋದವರ ಹೆಸರು. ಹನ್ನೊಂದು ಪುಟಗಳಲ್ಲೂ ಜೊತೆಗೆ ಹೋದವರ ಪಟ್ಟಿಯಲ್ಲಿ ಬೊಕ್‌ಸುನ್ ಇದ್ದರು. ಹನ್ನೆರಡನೆಯ ಪುಟ ಅವರದೇ. ಅಲ್ಲಿ ಅಳತೆ ಮಾತ್ರ ಇತ್ತು.

"ಕ್ವಾನ್ಸಾನಿಮ್, ನಿಮ್ಮದು?"

ಅವರು ಯಂತ್ರದ ಪಕ್ಕದ ಕಪಾಟಿನತ್ತ ಕಣ್ಣು ಹಾಯಿಸಿದರು. ಅಲ್ಲಿ ತಿಳಿನೀಲಿ ಬಟ್ಟೆಯ ತುಂಡುಗಳನ್ನು ಕತ್ತರಿಸಿ ಪಿನ್ನು ಹಾಕಿ ಮಡಿಸಿಟ್ಟಿತ್ತು. ಹೊಲಿದಿರಲಿಲ್ಲ.

"ಮಂದಿ ಬಟ್ಟಿ ಹೊಲಿಯಾಕೀಗೆ ತನ್ನ ಬಟ್ಟಿ ಹೊಲಕೊಳ್ಳಾಕ ಪುರುಸೊತ್ತು ಎಲ್ಲೈತ್ರಿ," ಎಂದು ನಕ್ಕರು.

ನಾನು ನಗಲಿಲ್ಲ. ಪುಸ್ತಕವನ್ನು ಆ ಪುಟಕ್ಕೇ ತೆರೆದು ಅವರ ಮುಂದಿಟ್ಟೆ. ಅವರು ಸ್ವಲ್ಪ ಹೊತ್ತು ಅಳತೆ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಆಮೇಲೆ ಹೊಲಿಗೆ ಯಂತ್ರದ ಖಾನೆ ಎಳೆದು, ದಾರ ಸುತ್ತಿದ ಬಾಬಿನ್‌ಗಳ ಅಡಿಯಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ನನಗೆ ಕೊಟ್ಟರು. ಮೂರು ವರ್ಷದ ಹಿಂದಿನ ಪತ್ರ. ಚರ್ಚಿನ ಅಂಗಳಕ್ಕೆ ಉಚಿತ ತಪಾಸಣೆಯ ವ್ಯಾನು ಬಂದಿದ್ದಾಗ ಅವರು ಒಮ್ಮೆ ಮ್ಯಾಮೊಗ್ರಾಮ್ ಮಾಡಿಸಿಕೊಂಡಿದ್ದರು. ಎಡಭಾಗದಲ್ಲಿ ಒಂದು ಚಿಕ್ಕ ಜಾಗ ಸ್ಪಷ್ಟವಿಲ್ಲ, ಬಹುಶಃ ಅಪಾಯವಿಲ್ಲ, ಆರು ತಿಂಗಳಲ್ಲಿ ತಪ್ಪದೆ ಮತ್ತೆ ಬರಬೇಕು ಎಂದು ಅದರಲ್ಲಿ ಬರೆದಿತ್ತು.

"ಇಂಗ್ಲಿಷಿನ್ಯಾಗ ಇತ್ತು. ಮುಖ್ಯದ್ದಿದ್ರ ಫೋನ್ ಮಾಡತಾರ ಅಂತ ತಿಳಕೊಂಡೆ. ಯಾರೂ ಮಾಡಲಿಲ್ಲ. ಮರತ ಬಿಟ್ಟೆ. ಫೆಬ್ರವರಿಯೊಳಗ ನೀವು ಗ್ವಾಡಿ ಮ್ಯಾಲ ಇಂಥಾದ್ದ ಒಂದ ಕಾಗದ ತೋರಿಸಿ, ಇದು ಬಂದ್ರ ಒಗೀಬ್ಯಾಡ್ರಿ, ಮತ್ತ ಹೋಗ್ರಿ ಅಂದ್ರಿ. ಆವತ್ತ ತಿಳೀತು."

"ತಿಳಿದ ಮ್ಯಾಲೂ ಆರು ತಿಂಗಳಾತಲ್ರಿ."

ಹಬೆ ಬಿಡುತ್ತಿದ್ದ ಇಸ್ತ್ರಿ ಯಂತ್ರದ ಸದ್ದು ನಿಂತಿತು. ಪರದೆಯ ಆಚೆಯಿಂದ ಶಿನ್ ಮಾತಾಡಿದರು. "ಎಸ್ತರ್ ಹೆರಿಗೆ ಆಗಲಿ ಅಂತಾಳೆ."

ಎಸ್ತರ್ ಅವರ ಒಬ್ಬಳೇ ಮಗಳು. ಮಿಶಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರು ಕಾರ್ಖಾನೆಯ ಇಂಜಿನಿಯರು. ಎರಡು ಸಲ ಗರ್ಭ ನಿಂತು ಉಳಿದಿರಲಿಲ್ಲ. ಈ ಸಲ ಅಕ್ಟೋಬರ್ ಮೊದಲ ವಾರಕ್ಕೆ ದಿನ ಕೊಟ್ಟಿದ್ದರು. ಕೊರಿಯಾದವರಲ್ಲಿ ಹೆತ್ತವಳಿಗೆ ಇಪ್ಪತ್ತೊಂದು ದಿನ ಬಾಣಂತನ. ಆ ಅಷ್ಟೂ ದಿನ ಮೂರು ಹೊತ್ತೂ ಕಡಲಪಾಚಿಯ ಸಾರು ಬಿಸಿಬಿಸಿಯಾಗಿ ಕುಡಿಸಬೇಕು. ಅದನ್ನು ಮಾಡುವವಳು ಹೆತ್ತ ತಾಯಿಯೇ ಆಗಿರಬೇಕು.

"ಈಗ ಹೋಗಿ ಏನಾರ ಸಿಕ್ತಂದ್ರ ನನ್ನ ಮಲಗಸ್ತಾರ," ಎಂದರು ಬೊಕ್‌ಸುನ್. "ಆಕೀಗೆ ಸಾರು ಮಾಡೂರು ಯಾರು? ಅಳಿಯ ಅಮೆರಿಕದಾಂವ, ಟೋಸ್ಟ್ ಕೊಡತಾನ. ಹೊಟ್ಟಿಯೊಳಗ ಕೂಸ ಇಟಗೊಂಡು ಆಕಿ ಅವ್ವನ ಚಿಂತಿ ಮಾಡೂದು ಬ್ಯಾಡ. ಮೂರ ವರ್ಷ ಹೋಗೇತಿ, ಇನ್ನ ಎರಡ ತಿಂಗಳ."

"ಆ ಎರಡ ತಿಂಗಳನೂ ಕಡಿಮಿ ಅಲ್ರಿ."

"ನನಗ ಗೊತ್ತೈತಿ ಟೀಚರ್. ನೀವ ಕಲಿಸೀರಿ. ಆದ್ರ ಇದನ್ನ ಯಾರಿಗೂ ಹೇಳಬ್ಯಾಡ್ರಿ."

ಹೇಳುವ ಹಾಗೂ ಇರಲಿಲ್ಲ. ಯೋಜನೆಗೆ ಸೇರಿದವರ ಆರೋಗ್ಯದ ವಿಷಯ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ನಾನು ಸಹಿ ಮಾಡಿ ಕೊಟ್ಟವಳು.

ಆ ಶನಿವಾರ ಊರಿಗೆ ಫೋನ್ ಮಾಡಿದಾಗ, ನಮ್ಮವ್ವ ಗಂಗವ್ವನಿಗೆ ಕೊರಿಯಾದ ಮುಯ್ಯಾಳಿನ ಕಥೆ ಹೇಳಿದೆ, ಹೆಸರು ಹೇಳಲಿಲ್ಲ. ಅವಳಿಗೆ ಬಹಳ ಖುಷಿಯಾಯಿತು.

"ಅವ್ವ, ಮುಯ್ಯಾಳಿಗೆ ಬಂದು ಹೋಗಿ, ತಾ ಮಾತ್ರ ಯಾರನ್ನೂ ಕರೀದಾಕಿ ಇದ್ಲಂದ್ರ?"

"ಅದೆಂಥಾದ್ದು? ನಮ್ಮ ಹೊಲದಾಗ ದುಡದು, ತನ್ನ ಹೊಲಕ್ಕ ನಮ್ಮನ್ನ ಕರೀಲಿಲ್ಲ ಅಂದ್ರ ನಮ್ಮ ಕೈಗೆ ಏನ ರೋಗ ಬಂದಿತ್ತು? ಬರದಾಕಿಗಿಂತ ಕರೀದಾಕಿ ಮ್ಯಾಲ ಸಿಟ್ಟ ಬರತಿತ್ತ ನಮಗ. ಹಂಗ ಮಾಡಿದಾಕೀಗೆ ಮುಂದಿನ ವರ್ಷ ಯಾರೂ ಕರೀತಿರಲಿಲ್ಲ. ಆದ್ರೂ ಬಿಡತಿರಲಿಲ್ಲ, ನಾವ ಹೇಳದ ಕೇಳದ ಆಕಿ ಹೊಲಕ್ಕ ಹೊಕ್ಕು ಕಳೆ ತಗದ ಬರತಿದ್ವಿ."

ಮರುದಿನ ಭಾನುವಾರ, ಚರ್ಚಿನ ಊಟದ ಕೋಣೆಯಲ್ಲಿ ಗುಂಪಿನವರೆಲ್ಲ ಸೇರಿದ್ದರು. ಇಂಡಿಯಾದಲ್ಲೂ ಪುಮಾಶಿ ಇದೆ ಎಂದು ವ್ಯಾನಿನಲ್ಲಿ ಅಂದಿರಂತೆ, ಹೇಳಿ ಎಂದರು. ನಾನು ಮೆಣಸಿನಕಾಯಿ ಹೊಲದ ಕಥೆ ಹೇಳಿದೆ, ಇನ್‌ಸುಕ್ ಅನುವಾದ ಮಾಡಿದರು. ಕೊನೆಗೆ ನಮ್ಮವ್ವ ಹಿಂದಿನ ದಿನ ಹೇಳಿದ್ದನ್ನೂ ಹೇಳಿಬಿಟ್ಟೆ. ಬೇಕೆಂದೇ ಹೇಳಿದೆನೋ, ಮಾತಿನ ಓಘದಲ್ಲಿ ಬಂತೋ, ಈಗಲೂ ನನಗೆ ಖಚಿತವಿಲ್ಲ. ಇನ್‌ಸುಕ್ ಅದನ್ನು ಅನುವಾದ ಮಾಡುತ್ತ ಮಾಡುತ್ತ ನಿಧಾನವಾದರು. ಮುಗಿಸಿ, ಚಾಪ್‌ಸ್ಟಿಕ್ ಕೆಳಗಿಟ್ಟು, ಬೊಕ್‌ಸುನ್ ಕಡೆ ತಿರುಗಿದರು.

"ಅಕ್ಕ, ನಿಮ್ಮ ಗದ್ದೆಗೆ ನಮ್ಮನ್ನ ಯಾವತ್ತು ಕರೀತೀರಿ?"

"ಎಸ್ತರ್ ಬಾಣಂತನ ಮುಗೀಲಿ."

"ಹೆರೋದು ಎಸ್ತರ್, ನೀವಲ್ಲ."

ಬೊಕ್‌ಸುನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಯಾಕೆ ಮುಂದೂಡುತ್ತಿದ್ದೇನೆಂದು ತಾವಾಗಿಯೇ ಹೇಳಿದರು. ಪತ್ರದ ವಿಷಯವನ್ನೂ ಹೇಳಿದರು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ, ಎಪ್ಪತ್ನಾಲ್ಕು ವರ್ಷದ ಅಜ್ಜಿಯೊಬ್ಬರು ಇದ್ದರು. ಮೊಟ್ಟಮೊದಲು ಮ್ಯಾಮೊಗ್ರಾಮಿಗೆ ಹೋಗಿ ಬಂದವರು ಅವರೇ. ಅವರು ಏನೋ ಕೇಳಿದರು. ಇನ್‌ಸುಕ್ ನನಗೆ ಹೇಳಿದರು: "ಸಾರಿಗೆ ದನದ ಮಾಂಸ ಹಾಕೋದಾ, ಚಿಪ್ಪು ಮೀನಾ ಅಂತ ಕೇಳ್ತಿದಾರೆ."

"ದನದ್ದು," ಎಂದರು ಬೊಕ್‌ಸುನ್ ಅರ್ಥವಾಗದೆ.

ಅಷ್ಟರಲ್ಲಿ ಇನ್‌ಸುಕ್ ಕಾಗದದ ಕರವಸ್ತ್ರದ ಮೇಲೆ ಬರೆಯತೊಡಗಿದ್ದರು. ಅಜ್ಜಿಗೆ ಐದು ತಾಸಿನ ಪ್ರಯಾಣ ಆಗುವುದಿಲ್ಲ, ಅವರು ಒಣ ಕಡಲಪಾಚಿ ಕೊಡಲಿ. ಉಳಿದವರು ಹತ್ತು ಜನ. ಇಬ್ಬಿಬ್ಬರಂತೆ ನಾಲ್ಕು ನಾಲ್ಕು ದಿನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಇರುವುದು. ವ್ಯಾನು ಚರ್ಚಿನದು, ಓಡಿಸುವುದು ಶಿನ್. ಐದು ಸರದಿಗೆ ಇಪ್ಪತ್ತು ದಿನವಾಯಿತು.

"ಇಪ್ಪತ್ತೊಂದಲ್ವಾ?" ಎಂದು ಯಾರೋ ಕೇಳಿದರು.

"ಒಂದು ದಿನ ಖಾಲಿ ಇರಲಿ," ಎಂದರು ಇನ್‌ಸುಕ್. "ಅಕ್ಕ, ಎಸ್ತರ್‌ಗೆ ಫೋನ್ ಮಾಡಿ. ಈಗಲೇ."

ಸ್ಪೀಕರಿನಲ್ಲಿ ಎಸ್ತರ್ ಎಲ್ಲವನ್ನೂ ಕೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು. "ಮಾಮ್, ಇದನ್ನ ಯಾಕೆ ನನ್ನಿಂದ ಮುಚ್ಚಿಟ್ಟೆ?" ಬೊಕ್‌ಸುನ್ ಫೋನನ್ನು ಇನ್‌ಸುಕ್ ಕಡೆ ಸರಿಸಿದರು. ಎಸ್ತರ್ ಬಿಡಲಿಲ್ಲ. "ಸರಿ. ಹತ್ತು ಜನ ಆಂಟಿಯರು ಬರಲಿ. ಆದರೆ ನೀನು ಈ ವಾರವೇ ಹೋಗ್ತೀಯ. ಇಲ್ಲಾಂದ್ರೆ ನಾನು ಸಾರು ಕುಡಿಯೋದಿಲ್ಲ. ಟೋಸ್ಟೇ ತಿಂತೀನಿ."

ಅದೇ ವಾರದ ಗುರುವಾರಕ್ಕೆ ಸಮಯ ಸಿಕ್ಕಿತು. ಆ ದಿನ ಕಾಯುವ ಕೋಣೆಯಲ್ಲಿ ಹನ್ನೊಂದು ಹೆಂಗಸರೂ ಇದ್ದರು. ಅಜ್ಜಿಯೂ ಬಂದಿದ್ದರು. ಕುರ್ಚಿ ಸಾಲದೆ ಶಿನ್ ಮತ್ತು ನಾನು ಗೋಡೆಗೆ ಒರಗಿ ನಿಂತೆವು. ಬೊಕ್‌ಸುನ್ ಹೆಸರು ಕೂಗಿದಾಗ ಇನ್‌ಸುಕ್ ತಮ್ಮ ಚೀಲದಿಂದ ತಿಳಿನೀಲಿ ಅಂಗಿಯೊಂದನ್ನು ತೆಗೆದುಕೊಟ್ಟರು. ಬೊಕ್‌ಸುನ್ ಕತ್ತರಿಸಿಟ್ಟಿದ್ದ ತುಂಡುಗಳನ್ನು ಶಿನ್ ಗುಟ್ಟಾಗಿ ಸಾಗಿಸಿದ್ದರಂತೆ. ಹನ್ನೊಂದು ಜನ ಸೇರಿ ಕೈಯಲ್ಲಿ ಹೊಲಿದಿದ್ದರು. ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ. ಲಾಡಿ ಸೊಟ್ಟ. ಭುಜದ ಹತ್ತಿರ ಹೊಲಿಗೆ ಇರುವೆ ಸಾಲಿನಂತೆ ಅತ್ತಿತ್ತ ಓಡಿತ್ತು.

ಬೊಕ್‌ಸುನ್ ಅದನ್ನು ಬೆಳಕಿಗೆ ಹಿಡಿದು, ತೋಳಿನಿಂದ ತೋಳಿಗೆ ಕಣ್ಣಲ್ಲೇ ಅಳೆದರು.

"ಇದನ್ನ ಯಾರ ಹೊಲದಿದ್ದು?"

"ಎಲ್ಲಾರೂ," ಎಂದರು ಇನ್‌ಸುಕ್. "ಬಯ್ಯೋದಿದ್ರೆ ಆಮೇಲೆ ಬಯ್ರಿ. ಕರೀತಿದಾರೆ."

ಅದನ್ನೇ ತೊಟ್ಟುಕೊಂಡು ಒಳಗೆ ಹೋದರು.

ಅವರು ಹೆದರಿದ್ದು ಸುಳ್ಳಾಗಲಿಲ್ಲ. ವಾರದೊಳಗೆ ಮತ್ತೆ ಕರೆದರು, ಇನ್ನಷ್ಟು ಚಿತ್ರ ತೆಗೆದರು, ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಚಿಕ್ಕದು, ಬೇರೆ ಕಡೆ ಹರಡಿದಂತೆ ಕಾಣುವುದಿಲ್ಲ, ಈಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಅಕ್ಟೋಬರ್ ಏಳಕ್ಕೆ ಆಪರೇಷನ್ ಗೊತ್ತಾಯಿತು. ಅಕ್ಟೋಬರ್ ಐದಕ್ಕೆ ಎಸ್ತರ್‌ಗೆ ಹೆಣ್ಣು ಮಗು ಹುಟ್ಟಿತು.

ಆ ಸಂಜೆಯೇ ಮೊದಲ ಇಬ್ಬರು ಹೆಂಗಸರು, ಅಜ್ಜಿ ಕೊಟ್ಟ ಕಡಲಪಾಚಿಯ ಕಟ್ಟು, ಹದಿನೈದು ಕಿಲೋ ಅಕ್ಕಿಯ ಚೀಲದ ಜೊತೆ ವ್ಯಾನು ಹತ್ತಿದರು. ಮುಂದೆ ನಾಲ್ಕು ದಿನಕ್ಕೊಮ್ಮೆ ಶಿನ್ ಮುನ್ನೂರು ಮೈಲಿ ಓಡಿಸಿ ಇಬ್ಬರನ್ನು ಇಳಿಸಿ, ಇಬ್ಬರನ್ನು ಕರೆತಂದರು. ಮೊಮ್ಮಗಳನ್ನು ಬೊಕ್‌ಸುನ್‌ಗಿಂತ ಮೊದಲು ಎತ್ತಿ ಆಡಿಸಿದವರು ಶಿನ್. ಊರಲ್ಲಿ ಉಳಿದವರು ಬೊಕ್‌ಸುನ್ ಮಂಚದ ಪಕ್ಕ ಸರದಿಯಲ್ಲಿ ಕೂತರು. ಆಪರೇಷನ್ ಸರಿಯಾಗಿ ಆಯಿತು.

ಇಪ್ಪತ್ತೊಂದನೆಯ ದಿನಕ್ಕೆ ಡಾಕ್ಟರು ಬೊಕ್‌ಸುನ್ ಅವರ ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟಿದ್ದರು. ಎಡಗೈಯಲ್ಲಿ ಭಾರ ಎತ್ತುವಂತಿರಲಿಲ್ಲ. ಹಿಂದಿನ ದಿನ ಹೊರಟ ವ್ಯಾನಿನಲ್ಲಿ ಇನ್‌ಸುಕ್ ಮತ್ತು ನಾನೂ ಇದ್ದೆವು. ಬೆಳಿಗ್ಗೆ ಎಸ್ತರ್ ಮನೆಯ ಅಡುಗೆಮನೆಯಲ್ಲಿ ಬೊಕ್‌ಸುನ್ ಬಲಗೈಯಿಂದ ಸೌಟು ಹಿಡಿದು ನಿಂತರು, ಪಾತ್ರೆ ಎತ್ತಿ ಇಳಿಸುವುದು ಇನ್‌ಸುಕ್ ಪಾಲಿಗೆ ಬಂತು. ಇಡೀ ಮನೆಗೆ ಸಮುದ್ರದ ವಾಸನೆ. ಎಸ್ತರ್ ಮಗುವನ್ನು ಶಿನ್ ಕೈಗೆ ಕೊಟ್ಟು, ಬಟ್ಟಲು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು.

"ಹೆಂಗೈತಿ?" ಎಂದರು ತಾಯಿ.

"ಮಾಮ್, ನಿಜ ಹೇಳ್ಲಾ? ಮೂರನೇ ಸರದಿ ಆಂಟಿಯರದು ಇದಕ್ಕಿಂತ ಚೆನ್ನಾಗಿತ್ತು."

"ಮೂರನೇ ಸರದಿ ನಾನು," ಎಂದರು ಇನ್‌ಸುಕ್, ಪಾತ್ರೆ ಉಜ್ಜುತ್ತ, ಹಿಂದೆ ತಿರುಗದೆ.

ಬೊಕ್‌ಸುನ್ ಮಗಳ ಬಟ್ಟಲಿನಿಂದಲೇ ರುಚಿ ನೋಡಿ, ಇನ್ನೊಂದು ಚಿಟಿಕೆ ಉಪ್ಪು ಹಾಕಿದರು. ಎಸ್ತರ್ ಬಟ್ಟಲು ಖಾಲಿ ಮಾಡಿ, ಮತ್ತೊಂದು ಕೇಳಿದಳು.

ಬದರೀನಾಥ್ ಸರ್ ಈಗ ಹನ್ನೆರಡಕ್ಕೆ ಹನ್ನೆರಡು ಎಂದು ಬರೆದಿದ್ದಾರೆ. ಉಳಿದ ಒಂಬತ್ತು ಗುಂಪುಗಳ ತರಬೇತಿಯಿಂದ ಇಪ್ಪತ್ತು ಸ್ಲೈಡು ತೆಗೆದುಹಾಕಿ, ಆ ಹೊತ್ತಿನಲ್ಲಿ ಬೊಕ್‌ಸುನ್ ಅವರನ್ನು ಮಾತಾಡಲು ಕರೆಯುತ್ತಿದ್ದೇವೆ. ಅವರು ಅಳತೆ ಟೇಪು ತೆಗೆದುಕೊಂಡು ಬರುತ್ತಾರೆ.

ಕಳೆದ ತಿಂಗಳು ಅಂಗಡಿಗೆ ಹೋದಾಗ ಅವರ ವಿಕಿರಣ ಚಿಕಿತ್ಸೆ ಮುಗಿದಿತ್ತು. ಅಳತೆ ಪುಸ್ತಕದಲ್ಲಿ ಎರಡನೆಯ ವರ್ಷದ ಪುಟಗಳು ಶುರುವಾಗಿದ್ದವು. ಮೊದಲ ಪುಟಕ್ಕೆ ಅವರದೇ ಹೆಸರು, ಕೆಳಗೆ ಜೊತೆಗೆ ಬರುವವರ ಹೆಸರು ಇನ್‌ಸುಕ್. ಆ ತಿಳಿನೀಲಿ ಅಂಗಿ ಒಗೆದು ಇಸ್ತ್ರಿಯಾಗಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಒಂದು ತೋಳು ಹಾಗೇ ಎರಡು ಬೆರಳು ಉದ್ದವಿತ್ತು.

"ಇದನ್ನ ಸರಿ ಮಾಡ್ಕೊಳ್ಳಲಿಲ್ಲೇನ್ರಿ ಕ್ವಾನ್ಸಾನಿಮ್? ನಿಮಗ ಐದ ನಿಮಿಷದ ಕೆಲಸ."

ಅವರು ಬಾಯಿಂದ ಗುಂಡುಸೂಜಿ ತೆಗೆದರು. "ಅದು ನನ್ನ ಹೊಲಿಗಿ ಅಲ್ಲಲ್ರಿ ಟೀಚರ್. ನಾ ಹೆಂಗ ಬಿಚ್ಚಲಿ?"